ಬಾಗಿದ ಬೆನ್ನಿನ ಕಥೆ: ಕುಬ್ಜೆಯಿಂದ ಇಂದಿನ ಬ್ರೇಸ್‌ವರೆಗೆ

ಭಾಗವತದ ಕುಬ್ಜೆಯ ಕಥೆ ನಮಗೆಲ್ಲ ಗೊತ್ತು. ಕಂಸನಿಗೆ ಗಂಧ ತೇಯ್ದು ಕೊಡುತ್ತಿದ್ದ ಆಕೆಯ ಮೈ ಮೂರು ಕಡೆ ಡೊಂಕು. ಕೃಷ್ಣ ಅವಳ ಪಾದಗಳನ್ನು ತನ್ನ ಪಾದಗಳಿಂದ ಒತ್ತಿ ಹಿಡಿದು, ಗದ್ದಕ್ಕೆ ಎರಡು ಬೆರಳು ಕೊಟ್ಟು ಮೇಲೆತ್ತಿದಾಗ ನೆಟ್ಟಗಾದಳು. ಕೆಳಗೆ ಹಿಡಿದು ಮೇಲಕ್ಕೆ ಎಳೆಯುವುದು! ವೈದ್ಯರೂ ಬಹುಕಾಲ ಮಾಡಿದ್ದು ಇದನ್ನೇ.

ಗೂನು ಮುಂದಕ್ಕೆ ಬಾಗುವುದು. ನಾನು ಹೇಳಹೊರಟಿರುವ ಸ್ಕೋಲಿಯೋಸಿಸ್‌ನಲ್ಲಿ ಬೆನ್ನುಮೂಳೆ ಪಕ್ಕಕ್ಕೆ ಬಾಗಿ, ಜೊತೆಗೆ ತಿರುಚಿಕೊಳ್ಳುತ್ತದೆ. ಎಕ್ಸ್-ರೇಯಲ್ಲಿ ಬಾಗು 10 ಡಿಗ್ರಿ ಅಥವಾ ಹೆಚ್ಚಿದ್ದರೆ ಈ ಹೆಸರು. ಹರೆಯದ ನೂರು ಮಕ್ಕಳಲ್ಲಿ ಎರಡು ಮೂರು ಮಂದಿಗೆ ಇರುತ್ತದೆ. ಚಿಕಿತ್ಸೆ ಬೇಕಾಗುವಷ್ಟು ಬಾಗುವುದು ಹೆಚ್ಚಾಗಿ ಹುಡುಗಿಯರಲ್ಲೇ. ಬಹುತೇಕ ಮಕ್ಕಳಲ್ಲಿ ಇದು 'ಇಡಿಯೋಪಥಿಕ್', ಅಂದರೆ ಕಾರಣ ತಿಳಿಯದ್ದು.

ನಮ್ಮ ಅಕ್ಕನ ಮಗಳಿಗೆ ಇದು ಇದೆ ಎಂದು ಮೊದಲು ಕಂಡದ್ದು ಗೋರ್ವಾದ ದರ್ಜಿಗೆ, ನವರಾತ್ರಿಯ ಚಣಿಯಾ ಚೋಳಿಗೆ ಅಳತೆ ತೆಗೆಯುವಾಗ. ಒಂದು ಭುಜ ಮೇಲಿತ್ತು. ಆಮೇಲೆ ಬಂದವರೆಲ್ಲ ಒಂದೊಂದು ಕಾರಣ ಕೊಟ್ಟರು. ಶಾಲೆಯ ಚೀಲ ಭಾರ, ಮೊಬೈಲ್ ಹಿಡಿದು ವಾಲಿ ಕೂರುತ್ತಾಳೆ, ಹಾಲು ಕುಡಿಯಲ್ಲ, ಬಾಣಂತನದಲ್ಲಿ ಸರಿಯಾಗಿ ಎಣ್ಣೆ ನೀರು ಹಾಕಿಲ್ಲ. ತಪ್ಪು ಒಂದೋ ಮಗುವಿನದು, ಇಲ್ಲವೇ ತಾಯಿಯದು! ಈ ಮಾತು ಎಲ್ಲಿಂದ ಬಂತು ಎಂದು ಹುಡುಕಿ ಓದತೊಡಗಿದಾಗ ಇದರ ಇತಿಹಾಸ ಕಂಡಿತು.

ಸುಮಾರು 2400 ವರ್ಷಗಳ ಹಿಂದೆ ಗ್ರೀಸಿನ ಹಿಪೊಕ್ರೆಟಿಸ್ ರೋಗಿಯನ್ನು ಹಲಗೆಗೆ ಕಟ್ಟಿ ಎಳೆಸುವ ಕ್ರಮ ಬರೆದಿಟ್ಟ. 16ನೇ ಶತಮಾನದಲ್ಲಿ ಫ್ರಾನ್ಸಿನ ಆಂಬ್ರೋಸ್ ಪಾರೆ ಲೋಹದ ಕವಚ ತೊಡಿಸಿದ. 1741ರಲ್ಲಿ ನಿಕೊಲಾ ಆಂದ್ರಿ ತನ್ನ ಪುಸ್ತಕಕ್ಕೆ 'ಆರ್ಥೋಪೀಡಿ' ಎಂದು ಹೆಸರಿಟ್ಟ. ನೆಟ್ಟಗೆ ಮತ್ತು ಮಗು ಎಂಬ ಎರಡು ಗ್ರೀಕ್ ಪದಗಳು ಸೇರಿ ಆದ ಮಾತು. ಡೊಂಕು ಗಿಡವನ್ನು ಗೂಟಕ್ಕೆ ಕಟ್ಟಿದ ಅವನ ಚಿತ್ರ ಇಂದಿಗೂ ಮೂಳೆ ವೈದ್ಯರ ಲಾಂಛನ. 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಎನ್ನುವ ನಮಗೆ ಆ ಚಿತ್ರ ಹೊಸದಲ್ಲ. ಆದರೆ ಕೂರುವ ರೀತಿ ಸರಿಯಿಲ್ಲದ್ದೇ ಬೆನ್ನು ಡೊಂಕಾಗಲು ಕಾರಣ ಎಂದವನೂ ಅವನೇ. ನೆರೆಮನೆಯವರ ಮಾತಿಗೆ ಹೆಚ್ಚುಕಡಿಮೆ ಮುನ್ನೂರು ವರ್ಷದ ವಯಸ್ಸು!

ನಿಜವಾದ ಬದಲಾವಣೆ ಬಂದದ್ದು ಸರಿಯಾಗಿ ನೋಡಲು, ಅಳೆಯಲು ಕಲಿತಾಗ. ಇಗ್ವಾನೊಡಾನ್ ಎಂಬ ಡೈನೋಸಾರನ್ನು ಗುರುತಿಸಿದ ಗಿಡಿಯನ್ ಮ್ಯಾಂಟೆಲ್ ವರ್ಷಗಟ್ಟಲೆ ಬೆನ್ನುನೋವಿನಿಂದ ನರಳಿ 1852ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ಅವನ ಬೆನ್ನುಮೂಳೆ ತಿರುಚಿದ್ದು ತಿಳಿದದ್ದು ಶವಪರೀಕ್ಷೆಯಲ್ಲಿ. ಅದನ್ನು ಅಧ್ಯಯನ ಮಾಡಿದ ವಿಲಿಯಂ ಆಡಮ್ಸ್, ಮುಂದಕ್ಕೆ ಬಗ್ಗಿಸಿ ನೋಡಿದರೆ ತಿರುಚು ಕಾಣುತ್ತದೆ ಎಂದು 1865ರಲ್ಲಿ ಬರೆದ. 1895ರಲ್ಲಿ ಎಕ್ಸ್-ರೇ ಬಂತು. 1948ರಲ್ಲಿ ಅಮೆರಿಕದ ಜಾನ್ ಕಾಬ್ ಕೋನ ಅಳೆಯುವ ಕ್ರಮ ಕೊಟ್ಟ. ಇಂದಿನ ರಿಪೋರ್ಟುಗಳಲ್ಲಿ ಬರೆಯುವ 'ಕಾಬ್ ಆಂಗಲ್' ಅದೇ.

ಈ ಇತಿಹಾಸದಲ್ಲಿ ನನಗೆ ತುಂಬ ಇಷ್ಟವಾದವಳು ಜರ್ಮನಿಯ ಕ್ಯಾಥರೀನಾ ಶ್ರೋತ್. 1894ರಲ್ಲಿ ಹುಟ್ಟಿದ ಅವಳಿಗೇ ಸ್ಕೋಲಿಯೋಸಿಸ್. ಹುಡುಗಿಯಾಗಿದ್ದಾಗ ಉಕ್ಕಿನ ಬ್ರೇಸ್ ತೊಟ್ಟವಳು. ತಗ್ಗಾದ ಚೆಂಡು ಗಾಳಿ ತುಂಬಿದಾಗ ಉಬ್ಬುವುದನ್ನು ಕಂಡು, ಕನ್ನಡಿ ಮುಂದೆ ನಿಂತು, ಒಳಸರಿದ ಬದಿಗೆ ಉಸಿರು ತುಂಬುವ ವ್ಯಾಯಾಮ ರೂಪಿಸಿದಳು. 1921ರಲ್ಲಿ ಇತರರಿಗೂ ಕಲಿಸತೊಡಗಿದಳು. ಮಗಳು ಕ್ರಿಸ್ಟಾ ಅದನ್ನು ಮುಂದುವರಿಸಿದಳು.

ಶಸ್ತ್ರಚಿಕಿತ್ಸೆಯೂ ಬೆಳೆಯಿತು. ಪೋಲಿಯೊದಿಂದ ಬೆನ್ನು ಬಾಗಿದ ಮಕ್ಕಳಿಗಾಗಿ ಅಮೆರಿಕದ ಪಾಲ್ ಹ್ಯಾರಿಂಗ್ಟನ್ ಲೋಹದ ಸರಳು ರೂಪಿಸಿ 1962ರಲ್ಲಿ ಪ್ರಕಟಿಸಿದ. ಈಗ ಸಾಮಾನ್ಯವಾಗಿ 45–50 ಡಿಗ್ರಿ ದಾಟಿದರೆ ಮಾತ್ರ ಶಸ್ತ್ರಚಿಕಿತ್ಸೆಯ ಮಾತು. ಬೆಳೆಯುತ್ತಿರುವ ಮಕ್ಕಳಿಗೆ 25ರಿಂದ 40 ಡಿಗ್ರಿಯಷ್ಟಿದ್ದರೆ ಬ್ರೇಸ್, ಅದಕ್ಕೂ ಕಡಿಮೆಯಿದ್ದರೆ ಆಗಾಗ ತಪಾಸಣೆ.

ಬ್ರೇಸ್‌ನಿಂದ ಉಪಯೋಗವಿದೆಯೇ ಎಂಬ ಪ್ರಶ್ನೆಗೆ ಗಟ್ಟಿ ಉತ್ತರ ಸಿಕ್ಕಿದ್ದು 2013ರಲ್ಲಿ. ಅಮೆರಿಕ ಮತ್ತು ಕೆನಡಾದ ಅಧ್ಯಯನದಲ್ಲಿ ಬ್ರೇಸ್ ತೊಟ್ಟವರಲ್ಲಿ 72 ಶೇಕಡಾ ಮಕ್ಕಳ ಬಾಗು 50 ಡಿಗ್ರಿ ಮುಟ್ಟಲಿಲ್ಲ. ತೊಡದವರಲ್ಲಿ 48 ಶೇಕಡಾ. ದಿನಕ್ಕೆ ಸುಮಾರು 13 ಗಂಟೆಗಿಂತ ಹೆಚ್ಚು ತೊಟ್ಟವರಲ್ಲಿ ಯಶಸ್ಸು 90 ಶೇಕಡಾ ದಾಟಿತು. ನಮ್ಮ ಹುಡುಗಿ ವಡೋದರದ ಮೇ ತಿಂಗಳ ಸೆಖೆಯಲ್ಲಿ ಹತ್ತಿ ಬನಿಯನ್ ಮೇಲೆ ಬ್ರೇಸ್ ಬಿಗಿದುಕೊಂಡು ಕೂರುವಾಗ ಈ ಅಂಕಿಯ ಬೆಲೆ ನಮಗೆ ತಿಳಿಯುತ್ತದೆ.

ಗೆಳತಿಯರೇ, ಬಾಗು ಬೇಗ ಹೆಚ್ಚುವುದು ಮಕ್ಕಳು ಸರಸರನೆ ಎತ್ತರವಾಗುವ ವರ್ಷಗಳಲ್ಲಿ. ಬೆಳವಣಿಗೆ ನಿಂತ ಮೇಲೆ ಬ್ರೇಸ್ ಕೆಲಸ ಮಾಡದು. 'ಮದುವೆಗೆ ತೊಂದರೆಯಾದೀತು' ಎಂದು ಮುಚ್ಚಿಟ್ಟರೆ, ಎಣ್ಣೆ ತಿಕ್ಕಿಸುತ್ತ ತಿಂಗಳು ದೂಡಿದರೆ ಕಳೆದುಹೋಗುವುದು ಆ ಸಮಯವೇ. ಹತ್ತು ವರ್ಷ ದಾಟಿದ ಮಕ್ಕಳನ್ನು ಆರು ತಿಂಗಳಿಗೊಮ್ಮೆ ಕಾಲು ಜೋಡಿಸಿ, ಮಂಡಿ ಬಗ್ಗಿಸದೆ ಮುಂದಕ್ಕೆ ಬಗ್ಗಿಸಿ, ಹಿಂದಿನಿಂದ ನೋಡಿ. ಬೆನ್ನಿನ ಒಂದು ಬದಿ ಎತ್ತರ ಕಂಡರೆ ಮೂಳೆ ತಜ್ಞರಿಗೆ ತೋರಿಸಿ. ಈ ತೊಂದರೆಯಿರುವ ಬಹುಪಾಲು ಹೆಣ್ಣುಮಕ್ಕಳು ಓದು, ಉದ್ಯೋಗ, ತಾಯ್ತನ ಎಲ್ಲವನ್ನೂ ಇತರರಂತೆಯೇ ನಡೆಸುತ್ತಾರೆ. ತಪ್ಪು ಯಾರದೂ ಅಲ್ಲ ಎಂದು ಮಗುವಿಗೂ ಅದರ ತಾಯಿಗೂ ಮೊದಲು ಹೇಳೋಣ.