'ಆಸಕ್ತಿ'ಗೂ ಒಂದು ಚರಿತ್ರೆಯಿದೆ

ಈ ವರ್ಷ ನಮ್ಮ ಕನ್ನಡ ಶಾಲೆಯ ಪದವಿ ಪಡೆಯುತ್ತಿರುವ ಮಕ್ಕಳಲ್ಲಿ ಹಲವರು ಸದ್ಯದಲ್ಲೇ ಕಾಲೇಜುಗಳಿಗೆ ಅರ್ಜಿ ಹಾಕುವವರು. ಹಾಗಾಗಿ ಭಾನುವಾರದ ತರಗತಿ ಮುಗಿದ ಮೇಲೆ ಪೋಷಕರು ನನ್ನನ್ನು ಕೇಳುವ ಪ್ರಶ್ನೆ ಬಹುತೇಕ ಒಂದೇ: "ಕಾಲೇಜಿಗೆ ಹೋಗಿ ನೋಡಿ ಬಂದರೆ, ಅವರಿಗೆ ಇಮೇಲ್ ಬರೆದರೆ ಅಡ್ಮಿಷನ್ನಿಗೆ ಅನುಕೂಲವಂತೆ, ನಿಜವೇ?"

ಕರ್ನಾಟಕದಲ್ಲಿ ಓದಿ ಬಂದವರಿಗೆ ಇದು ವಿಚಿತ್ರವೆನಿಸುತ್ತದೆ. ಅಲ್ಲಿ 1994ರಲ್ಲಿ ಸಿಇಟಿ ಬಂದ ಮೇಲೆ ಸರ್ಕಾರಿ ಕೋಟಾದ ಎಂಜಿನಿಯರಿಂಗ್ ಸೀಟು ರ‍್ಯಾಂಕ್ ಮತ್ತು ಮೀಸಲಾತಿಯ ಪ್ರಕಾರ. ಕಾಲೇಜಿನ ಮೇಲೆ ನಿಮಗೆಷ್ಟು ಒಲವು ಎಂದು ಯಾರೂ ಕೇಳುತ್ತಿರಲಿಲ್ಲ.

ಅಮೆರಿಕದಲ್ಲೂ ಒಂದು ಕಾಲಕ್ಕೆ ಪರೀಕ್ಷೆಯೇ ದೊಡ್ಡದಾಗಿತ್ತು. 20ನೇ ಶತಮಾನದ ಆರಂಭದಲ್ಲಿ ಹಾರ್ವರ್ಡ್‌ನಂಥ ಕಡೆಯೂ ಪ್ರವೇಶ ಪರೀಕ್ಷೆ ಪಾಸಾದವರಿಗೆ ಬಹುಮಟ್ಟಿಗೆ ಜಾಗ ಸಿಗುತ್ತಿತ್ತು. ಹಾಗೆ ಬಂದವರಲ್ಲಿ ಯಹೂದಿ ವಲಸಿಗರ ಮಕ್ಕಳು ಹೆಚ್ಚಾದಾಗ, 1922ರಲ್ಲಿ ಹಾರ್ವರ್ಡ್ ಅಧ್ಯಕ್ಷ ಲಾರೆನ್ಸ್ ಲೋವೆಲ್ ಅವರ ಸಂಖ್ಯೆಗೆ ಮಿತಿ ಹಾಕಲು ಹೊರಟರು. ವಿರೋಧ ಬಂತು. ನೇರವಾದ ಮಿತಿಯ ಬದಲು ವ್ಯಕ್ತಿತ್ವ, ಸಂದರ್ಶನ, ಫೋಟೋ, ಶಿಫಾರಸು ಪತ್ರಗಳು ಮುಂದೆ ಬಂದವು. ಅಂಕದಾಚೆಗಿನ ಅಳತೆಗಳು ಹುಟ್ಟಿದ್ದು ಒಳ್ಳೆಯ ಉದ್ದೇಶದಿಂದ ಮಾತ್ರವಲ್ಲ ಎಂಬುದನ್ನು ವಲಸಿಗರಾದ ನಾವು ನೆನಪಿಡಬೇಕು.

'ಆಸಕ್ತಿ'ಯ ಲೆಕ್ಕ ಬಂದದ್ದು ಇನ್ನೊಂದು ಕಾರಣಕ್ಕೆ. 1975ರಲ್ಲಿ 15 ಕಾಲೇಜುಗಳು ಸೇರಿ ಕಾಮನ್ ಅಪ್ಲಿಕೇಷನ್ ಆರಂಭಿಸಿದವು; ಮುಂದೆ ಅದು ಆನ್‌ಲೈನ್ ಆಯಿತು. ಒಬ್ಬನೇ ವಿದ್ಯಾರ್ಥಿ ಹತ್ತಾರು ಕಡೆ ಅರ್ಜಿ ಹಾಕುವುದು ಸುಲಭವಾದಷ್ಟೂ, ಸೀಟು ಕೊಟ್ಟರೆ ನಿಜವಾಗಿ ಬಂದು ಸೇರುವವರು ಯಾರು ಎಂದು ಊಹಿಸುವುದು ಕಾಲೇಜಿಗೆ ಕಷ್ಟವಾಯಿತು. 1983ರಲ್ಲಿ ಶುರುವಾದ ಯುಎಸ್ ನ್ಯೂಸ್ ಪಟ್ಟಿಯಲ್ಲಿ ಹಾಗೆ ಸೇರುವವರ ಪ್ರಮಾಣಕ್ಕೂ 2003ರವರೆಗೆ ಬೆಲೆಯಿತ್ತು. ಹೀಗಾಗಿ ಭೇಟಿ, ಇಮೇಲ್, ಮಾಹಿತಿ ಸಭೆಗಳ ಹಾಜರಿಯನ್ನು ಹಲವು ಕಾಲೇಜುಗಳು ಗಮನಿಸತೊಡಗಿದವು.

ಹಾಗಾದರೆ ಇದಕ್ಕೆ ಎಷ್ಟು ತೂಕ? ಬಹಳಷ್ಟು ಕಾಲೇಜುಗಳು ತಾವೇ ಉತ್ತರ ಪ್ರಕಟಿಸುತ್ತವೆ. ಅವುಗಳ 'ಕಾಮನ್ ಡೇಟಾ ಸೆಟ್'ನ ಸಿ7 ಭಾಗದಲ್ಲಿ ಅರ್ಜಿದಾರರ ಆಸಕ್ತಿ ಬಹಳ ಮುಖ್ಯವೋ, ಮುಖ್ಯವೋ, ಗಮನಿಸುವಂಥದ್ದೋ, ಲೆಕ್ಕಕ್ಕೇ ಇಲ್ಲವೋ ಎಂದು ನಮೂದಿಸಿರುತ್ತಾರೆ. ಸ್ಟ್ಯಾನ್‌ಫರ್ಡ್, ಬರ್ಕ್ಲಿಗಳಲ್ಲಿ ಅದು ಲೆಕ್ಕಕ್ಕಿಲ್ಲ. ಕೆಲವು ಖಾಸಗಿ ಕಾಲೇಜುಗಳಲ್ಲಿ ಇದೆ. ಇರುವಲ್ಲೂ ಹೈಸ್ಕೂಲಿನ ಅಂಕ, ಆಯ್ದುಕೊಂಡ ಕೋರ್ಸುಗಳ ನಂತರವೇ ಸಾಮಾನ್ಯವಾಗಿ ಇದರ ಸರದಿ.

ಆದ್ದರಿಂದ ವಿಮಾನದ ಟಿಕೆಟ್ ಕೊಳ್ಳುವ ಮುಂಚೆ ಆ ಪುಟ ನೋಡಿ. ಆನ್‌ಲೈನ್ ಮಾಹಿತಿ ಸಭೆಗಳು ಸಾಮಾನ್ಯವಾಗಿ ಉಚಿತ. 'ಅರ್ಲಿ ಡಿಸಿಷನ್' ಮಾತ್ರ ಯೋಚಿಸಿ ಹಾಕಿ: ಸೀಟು ಸಿಕ್ಕರೆ ಸೇರುತ್ತೇವೆಂದು ಮೊದಲೇ ಮಾತು ಕೊಟ್ಟಂತೆ. ಬೇರೆ ಕಾಲೇಜುಗಳ ಧನಸಹಾಯದೊಂದಿಗೆ ಹೋಲಿಸಿ ನೋಡಲು ಆಗುವುದಿಲ್ಲ. ಮತ್ತು ಮಗುವಿನ ಹೆಸರಿನಲ್ಲಿ ನಾವು ಇಮೇಲ್ ಬರೆಯುವುದು ಬೇಡ, ಆಸಕ್ತಿ ಅವರದಾಗಿರಲಿ.

ಸೀಟು ಸಿಗದಿದ್ದರೆ ಅದು ನಮ್ಮ ಮಕ್ಕಳ ಯೋಗ್ಯತೆಯ ಮೇಲಿನ ತೀರ್ಪಲ್ಲ. ಅದರಲ್ಲಿ ಕಾಲೇಜಿನ ಲೆಕ್ಕಾಚಾರವೂ ಇರುತ್ತದೆ. ಇದನ್ನು ಅವರಿಗೆ ಈಗಲೇ ಹೇಳೋಣ. ಪದವೀಧರರೆಲ್ಲರಿಗೂ ಶುಭವಾಗಲಿ.