ಆಸ್ಪತ್ರೆಯ ಹೊರಗಿನ ಹೃದಯಸ್ತಂಭನ: ವೇಣೂರು ಪ್ರದೇಶದ ಸಂಶೋಧನಾ ಅಗತ್ಯಗಳು

ಹೃದಯ ಬಡಿತ ಹಠಾತ್ತನೆ ನಿಂತಾಗ ಎದೆ ಒತ್ತುವುದು, ವಿದ್ಯುತ್ ಆಘಾತ ಕೊಡುವುದು ಪ್ರಾಥಮಿಕ ಕ್ರಮಗಳು. ಶ್ವಾಸನಾಳಕ್ಕೆ ಕೊಳವೆ, ರಕ್ತನಾಳಕ್ಕೆ ಅಡ್ರಿನಾಲಿನ್ ಸೇರಿದರೆ ಅದು ಉನ್ನತ ಜೀವರಕ್ಷಕ ಚಿಕಿತ್ಸೆ. ಇದರ ಲಾಭ ಇನ್ನೂ ಚರ್ಚೆಯಲ್ಲಿದೆ. ತ್ವರಿತ ಆಘಾತದ ವ್ಯವಸ್ಥೆ ಇದ್ದಲ್ಲಿ ಈ ಸೇರ್ಪಡೆಯಿಂದ ಬದುಕುಳಿಯುವವರ ಪ್ರಮಾಣ ಹೆಚ್ಚಲಿಲ್ಲವೆಂದು 2004ರಲ್ಲಿ ಕೆನಡಾದ ಒಂಟಾರಿಯೊ ಅಧ್ಯಯನ ಕಂಡುಕೊಂಡಿತು. 2018ರ ಬ್ರಿಟನ್ ಪ್ರಯೋಗದಲ್ಲಿ ಅಡ್ರಿನಾಲಿನ್ ಪಡೆದವರಲ್ಲಿ ಶೇ. 3.2, ಪಡೆಯದವರಲ್ಲಿ ಶೇ. 2.4 ಮಂದಿ 30 ದಿನ ಬದುಕಿದ್ದರು. ಆದರೆ ಬದುಕುಳಿದವರ ಪೈಕಿ ಮಿದುಳಿನ ತೀವ್ರ ಹಾನಿ ಔಷಧ ಪಡೆದವರಲ್ಲೇ ಹೆಚ್ಚಾಗಿತ್ತು.

ಈ ಫಲಿತಾಂಶಗಳನ್ನು ಬೆಳ್ತಂಗಡಿ ತಾಲೂಕಿನ ವೇಣೂರಿಗೆ ಹಾಗೇ ಅನ್ವಯಿಸಲಾಗದು. ಎದೆ ಒತ್ತದೆ ಕಳೆದ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಕುಸಿಯುತ್ತದೆ. ಇಲ್ಲಿನ ಮನೆಗಳೋ ಅಡಿಕೆ ತೋಟಗಳ ನಡುವೆ ಚದುರಿವೆ. 108 ಆಂಬುಲೆನ್ಸ್ ರಸ್ತೆಯಲ್ಲಿ ನಿಂತ ಮೇಲೂ ರೋಗಿಯನ್ನು ಕಾಲುದಾರಿಯಲ್ಲಿ, ಸಂಕ ದಾಟಿಸಿ ಹೊತ್ತು ತರಬೇಕಾದೀತು. ಆಗ ನಿಮಿಷಕ್ಕೆ 100ರಿಂದ 120 ಸಲ, 5 ಸೆಂ.ಮೀ. ಆಳಕ್ಕೆ ಎದೆ ಒತ್ತುವುದು ತಪ್ಪಿಹೋಗುತ್ತದೆ. ಮನೆಯಂಗಳದಲ್ಲೇ ಚಿಕಿತ್ಸೆ ಮುಂದುವರಿಸಬೇಕೇ, ಮಂಗಳೂರಿಗೆ ಧಾವಿಸಬೇಕೇ ಎಂಬುದೇ ನನ್ನ ದೃಷ್ಟಿಯಲ್ಲಿ ಮೊದಲು ಉತ್ತರ ಬೇಕಾದ ಪ್ರಶ್ನೆ. ಒಂದು ಊರಿನ ಪ್ರಕರಣಗಳು ಸಂಶೋಧನೆಗೆ ಸಾಲವೆಂಬ ಆಕ್ಷೇಪ ನಿಜವೇ. ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಗಳನ್ನು ಒಂದೇ ದಾಖಲಾತಿಗೆ ತಂದರೆ ಆ ಕೊರತೆ ಬಹುಮಟ್ಟಿಗೆ ನೀಗುತ್ತದೆ. ಹಳ್ಳಿಗಳಲ್ಲಿ ಮಾಹಿತಿ ಸಂಗ್ರಹ ಅಸಾಧ್ಯವೆನ್ನುವವರಿಗೆ, ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಗ್ರಾಮೀಣ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಟ್ಟು, ವಾಟ್ಸ್‌ಆ್ಯಪ್‌ನಲ್ಲೇ ತಜ್ಞರ ಸಲಹೆ ದೊರಕಿಸಿದ ಪ್ರಯತ್ನ ಉತ್ತರವಾಗಿದೆ. ಕುಸಿದ ಹೊತ್ತು, ಮೊದಲು ಎದೆ ಒತ್ತಿದವರು, ಆಘಾತ ಕೊಟ್ಟ ಸಮಯ, ತಿಂಗಳ ಬಳಿಕ ರೋಗಿಯ ಮಿದುಳಿನ ಸ್ಥಿತಿ: ಇಷ್ಟನ್ನಾದರೂ ಆ ದಾಖಲಾತಿ ಹಿಡಿದಿಡಬೇಕು.