ಬಯಲ ಗಾಳಿಯೂ ಮುಖಗವಸೂ

ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ ಹಗರೆ ಎಂಬ ಗ್ರಾಮವುಂಟು. 2020ನೆಯ ಇಸವಿಯಲ್ಲಿ ಕೊರೋನ ವ್ಯಾಧಿಯು ನಾಡನ್ನೆಲ್ಲ ವ್ಯಾಪಿಸಿದಾಗ, ಹೊರಗೆ ಕಾಲಿಟ್ಟವರೆಲ್ಲರೂ ಮುಖಗವಸನ್ನು ಧರಿಸತಕ್ಕದ್ದೆಂಬ ಆಜ್ಞೆಯು ಬೆಂಗಳೂರಿನ ಸಂದಣಿಗೆ ಹೇಗೋ ಇಂತಹ ಊರಿನ ಹೊಲದ ದಾರಿಗೂ ಹಾಗೆಯೇ ಅನ್ವಯಿಸಿತು. ತಪ್ಪಿದವರಿಗೆ ನಗರಗಳಲ್ಲಿ 1000, ಉಳಿದೆಡೆ 500 ರೂಪಾಯಿ ದಂಡವೆಂದು ಗೊತ್ತುಮಾಡಿದ ಸರ್ಕಾರವು ಅದೇ ಅಕ್ಟೋಬರಿನಲ್ಲಿ ಅದನ್ನು 250 ಮತ್ತು 100 ರೂಪಾಯಿಗಳಿಗೆ ಇಳಿಸಿತು. ದಂಡವು ಇಳಿದರೂ ಪ್ರಶ್ನೆಯು ಉಳಿಯಿತು: ಬಯಲಿನಲ್ಲಿ ಮುಖಗವಸು ಅವಶ್ಯವೆ?

ರೋಗವು ಬರುವ ದಾರಿಯನ್ನು ತಿಳಿಯದೆ ಇದಕ್ಕೆ ಉತ್ತರ ಹೇಳಲಾಗದು. ನಮ್ಮ ಪ್ರಾಚೀನರು ಈ ವಿಷಯದಲ್ಲಿ ಉದಾಸೀನರಾಗಿರಲಿಲ್ಲ. ಒಬ್ಬರಿಂದೊಬ್ಬರಿಗೆ ರೋಗವು ಸಂಕ್ರಮಿಸುವ ಮಾರ್ಗಗಳಲ್ಲಿ ಸುಶ್ರುತನು ನಿಶ್ವಾಸವನ್ನೂ ಎಣಿಸಿರುವನು. ಬಾಯಿ ಮುಚ್ಚಿಕೊಳ್ಳದೆ ಸೀನುವುದೂ ಆಕಳಿಸುವುದೂ ಸಲ್ಲದೆಂದು ಚರಕಸಂಹಿತೆಯು ಸದಾಚಾರದ ಪ್ರಕರಣದಲ್ಲಿ ವಿಧಿಸುತ್ತದೆ.

1898ರಲ್ಲಿ ಪ್ಲೇಗು ಮೈಸೂರು ಸಂಸ್ಥಾನವನ್ನು ಹೊಕ್ಕಿತು. ಜನರು ಮನೆಗಳನ್ನು ತೆರವು ಮಾಡಿ ಊರ ಹೊರಗೆ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಬಯಲಿನಲ್ಲಿ ಕಾಲ ಕಳೆದರು. ಅದರಿಂದ ಅನೇಕರು ಉಳಿದುಕೊಂಡರು. ಆದರೆ ಅವರನ್ನು ಉಳಿಸಿದುದು ಬಯಲ ಗಾಳಿಯಲ್ಲ. ಇಲಿಗಳನ್ನೂ ಅವುಗಳ ಮೈಮೇಲಿನ ಚಿಗಟಗಳನ್ನೂ ಬಿಟ್ಟು ಬಂದುದೇ ಅವರಿಗೆ ರಕ್ಷೆಯಾಯಿತು. ಗೆಡ್ಡೆಯ ಪ್ಲೇಗಿಗೆ ಮುಖಗವಸಿನಿಂದ ಪ್ರಯೋಜನವಿರಲಿಲ್ಲ.

ಉಸಿರಿನಿಂದಲೇ ಹರಡುವ ಶ್ವಾಸಕೋಶದ ಪ್ಲೇಗು 1910ರಲ್ಲಿ ಮಂಚೂರಿಯಾದಲ್ಲಿ ತಲೆದೋರಿದಾಗ ಮಾತು ಬೇರೆಯಾಯಿತು. ವು ಲಿಯೆನ್-ತೆ ಎಂಬ ವೈದ್ಯನು ಬಟ್ಟೆಯ ಪದರಗಳ ನಡುವೆ ಹತ್ತಿಯನ್ನಿಟ್ಟು ಮುಖಗವಸು ಮಾಡಿಸಿ ಎಲ್ಲರಿಗೂ ತೊಡಿಸಿದನು. ಅದನ್ನು ಒಪ್ಪದೆ ಆಸ್ಪತ್ರೆಯೊಳಗೆ ರೋಗಿಗಳನ್ನು ಪರೀಕ್ಷಿಸಿದ ಮೆಸ್ನಿ ಎಂಬ ಫ್ರೆಂಚ್ ವೈದ್ಯನು 1911ರ ಜನವರಿಯಲ್ಲಿ ಅದೇ ರೋಗಕ್ಕೆ ಬಲಿಯಾದನು.

1918ರ ಇನ್ಫ್ಲುಯೆಂಜಾ ಭರತಖಂಡದಲ್ಲಿಯೇ ಒಂದು ಕೋಟಿಗೂ ಮೀರಿ ಪ್ರಾಣಗಳನ್ನು ಅಪಹರಿಸಿತು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರವು ಆ ಅಕ್ಟೋಬರಿನಲ್ಲಿ ಬೀದಿಯಲ್ಲಿಯೂ ಮುಖಗವಸು ಕಡ್ಡಾಯವೆಂದು ಶಾಸನ ಮಾಡಿತು. ಮರುವರ್ಷ ಜನವರಿಯಲ್ಲಿ ಅದನ್ನು ಪುನಃ ಜಾರಿಗೆ ತಂದಾಗ ಜನರು ಸಂಘ ಕಟ್ಟಿಕೊಂಡು ಪ್ರತಿಭಟಿಸಿದರು.

ಕೊರೋನ ರೋಗವೂ ಮುಖ್ಯವಾಗಿ ಉಸಿರಿನ ದಾರಿಯದೇ. ಮುಚ್ಚಿದ ಕೋಣೆಯಲ್ಲಿ ರೋಗಿಯು ಬಿಟ್ಟ ಸೂಕ್ಷ್ಮ ಕಣಗಳು ಹೊಗೆಯಂತೆ ಕವಿದು ನಿಲ್ಲುತ್ತವೆ. ಬಯಲಿನಲ್ಲಿ ಅವು ಗಾಳಿಗೆ ಬೇಗನೆ ಚದರಿಹೋಗುತ್ತವೆ, ಬಿಸಿಲೂ ವಿಷಾಣುವಿನ ಬಲವನ್ನು ಕುಂದಿಸುತ್ತದೆ. ಆದಕಾರಣ ಹೊಲದಲ್ಲಿ ಒಬ್ಬನೇ ಕಳೆ ಕೀಳುವವನಿಗೆ ಮುಖಗವಸು ಬೇಕಿಲ್ಲ. ಆದರೆ ಬಯಲೆಂದ ಮಾತ್ರಕ್ಕೆ ಭಯವಿಲ್ಲವೆಂದಲ್ಲ. ಸಂತೆಯಲ್ಲಿ ಮೈಗೆ ಮೈ ತಾಗಿ, ಮುಖಕ್ಕೆ ಮುಖವಿಟ್ಟು ಕೂಗಾಡುವಲ್ಲಿ ಅದು ಬೇಕು. ಕಿಟಕಿ ಮುಚ್ಚಿದ ಬಸ್ಸಿನಲ್ಲಿ ಇನ್ನೂ ಹೆಚ್ಚಾಗಿ ಬೇಕು.

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವು ಈ ಭೇದವನ್ನು ಕಣ್ಣಿಗೆ ಕಾಣಿಸುತ್ತದೆ. ಆ ಸ್ಮಾರಕವನ್ನು 2020ರಲ್ಲಿ ಕೆಲಕಾಲ ಮುಚ್ಚಲಾಗಿದ್ದಿತು. ತೆರೆದ ಜಗತಿಯ ಮೇಲೆ ಅಂತರದಿಂದ ಶಿಲ್ಪಗಳನ್ನು ನೋಡುತ್ತ ಪ್ರದಕ್ಷಿಣೆ ಬರುವುದು ಒಂದು. ಕತ್ತಲೆಯ ನವರಂಗದಲ್ಲಿ ಗುಂಪಾಗಿ ನಿಲ್ಲುವುದು ಮತ್ತೊಂದು. ಎರಡಕ್ಕೂ ಒಂದೇ ವಿಧಿಯೆಂದರೆ ಬುದ್ಧಿಯು ಒಪ್ಪದು.

ರೋಗದ ದಾರಿಯು ಸ್ಪಷ್ಟವಾಗದಿದ್ದ ಮೊದಲ ತಿಂಗಳುಗಳಲ್ಲಿ ಎಲ್ಲೆಡೆಗೂ ಒಂದೇ ನಿಯಮ ಮಾಡಿದುದನ್ನು ಆಕ್ಷೇಪಿಸಲಾಗದು. ತಿಳಿದ ಮೇಲೆಯೂ ತಿದ್ದಿಕೊಳ್ಳುವಲ್ಲಿ ತಡವಾದುದೇ ಹಾನಿ. ದಾರಿಯಲ್ಲಿ ದಂಡಕ್ಕೆ ಹೆದರಿ ಧರಿಸಿದವರು ಮದುವೆಯ ಛತ್ರದೊಳಗೆ ಹೋಗಿ ತೆಗೆದಿಟ್ಟರು. ಬೇಕಾದಲ್ಲಿಯೇ ರಕ್ಷೆಯು ತಪ್ಪಿತು. 2022ರ ಡಿಸೆಂಬರಿನಲ್ಲಿ ಸರ್ಕಾರವು ಚಿತ್ರಮಂದಿರ, ಶಾಲೆ ಮೊದಲಾದ ಒಳಸ್ಥಳಗಳನ್ನೇ ಹೆಸರಿಸಿ ಮುಖಗವಸನ್ನು ವಿಧಿಸಿತು. ಕಾರಣವನ್ನು ತಿಳಿಸಿ ಹೇಳಿದ ವಿಧಿಯನ್ನು ಜನರು ದಂಡವಿಲ್ಲದೆಯೂ ಪಾಲಿಸುವರು. ಮುಂದಿನ ವ್ಯಾಧಿಯು ಬಂದಾಗ ಆಳುವವರಿಗೆ ನೆರವಾಗತಕ್ಕುದು ಆ ವಿಶ್ವಾಸವೇ.